ಗಂಡಸರ ಹೆಸರು ತೆರೆಯದ ಪುಟ

ಸುಳ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ಎಂಬ ಒಂದೇ ಕಾರಣಕ್ಕೆ ನಮ್ಮ ಕುಟುಂಬದ ವಂಶಾವಳಿಯ ವೆಬ್‌ಪುಟ ಮಾಡುವ ಕೆಲಸ ನನ್ನ ತಲೆಗೆ ಬಂತು. ನಮ್ಮದು ಅಳಿಯಕಟ್ಟು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ, ತಂದೆಯದಕ್ಕಲ್ಲ. ಕಡಬದ ಮೂಲಮನೆಯಲ್ಲಿ ಎಲ್ಲರೂ ಸೇರಿದ್ದಾಗ ನನ್ನ ತಮ್ಮ, ಗಂಡಸರ ಮಕ್ಕಳನ್ನೂ ಹಾಕಿದರೆ ಹೇಗೆ ಎಂದು ಕೇಳಿದ. ಯಜಮಾನರಾದ ನನ್ನ ಸೋದರಮಾವ ಒಪ್ಪಲಿಲ್ಲ. ಅವರೆಲ್ಲ ಅವರವರ ತಾಯಿಯ ಕುಟುಂಬದಲ್ಲಿ ಬರುತ್ತಾರೆ, ನಮ್ಮದರಲ್ಲಿ ಬೇಡ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಅವರು. ಯಾರೂ ಎದುರಾಡಲಿಲ್ಲ.

ನನಗೆ ಅದು ಅನುಕೂಲವೇ ಆಯಿತು. ಎಕ್ಸ್‌ಎಂಎಲ್‌ನಲ್ಲಿ ಮಾಹಿತಿ ಬರೆಯುವುದೆಂದರೆ ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಒಂದು ಡಬ್ಬಿ ಎರಡರೊಳಗೆ ಇರಲಾರದು. ಮನುಷ್ಯರಿಗೆ ತಂದೆ, ತಾಯಿ ಎಂದು ಇಬ್ಬರಿರುತ್ತಾರೆಂಬುದು ಅದಕ್ಕೆ ಗೊತ್ತೇ ಇಲ್ಲ. ಇದನ್ನು ಮಾಡಿದವರು ನಮ್ಮ ಅಳಿಯಕಟ್ಟನ್ನು ನೋಡಿಯೇ ಮಾಡಿರಬೇಕು ಎಂದು ಹಿಗ್ಗಿದೆ. ಡಬ್ಬಿಯ ಮೇಲಿನ ಹೆಸರನ್ನು, ಅಂದರೆ ಟ್ಯಾಗನ್ನು, ಕನ್ನಡದಲ್ಲೇ ಬರೆಯಬಹುದೆಂದು ತಿಳಿದಾಗಲಂತೂ ‘ತಾಯಿ’, ‘ಮಗಳು’, ‘ಮಗ’ ಎಂದು ಬರೆದದ್ದೇ ಬರೆದದ್ದು.

ಅದನ್ನು ಹಾಗೇ ವೆಬ್‌ಪುಟಕ್ಕೆ ಅಂಟಿಸಿದಾಗ ತಮಾಷೆಯಾಯಿತು. ಕಾಣಿಸಬಾರದ ಟ್ಯಾಗುಗಳಲ್ಲಿ ಡಬ್ಬಿ ತೆರೆಯುವವೆಲ್ಲ ಪರದೆಯ ಮೇಲೆ ಬಿದ್ದಿದ್ದವು, ಮುಚ್ಚುವವು ಮಾಯ. ಮುತ್ತಜ್ಜಿಯೂ ಮೊನ್ನೆ ಹುಟ್ಟಿದ ಕೂಸೂ ಒಂದೇ ಸಾಲಿನಲ್ಲಿದ್ದರು. ಯಾಕೆ ಹೀಗೆ ಎಂದು ಊಟ ಬಿಟ್ಟು ಹುಡುಕಿದೆ. ಎಕ್ಸ್‌ಎಂಎಲ್ ಕನ್ನಡದ ಟ್ಯಾಗನ್ನು ಒಪ್ಪುತ್ತದೆ, ಪುಟದ ಎಚ್‌ಟಿಎಂಎಲ್ ಒಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರದಿಂದ ಶುರುವಾಗದ್ದು ಅದಕ್ಕೆ ಟ್ಯಾಗೇ ಅಲ್ಲ. ಕೊನೆಗೆ ಮಾಹಿತಿಯನ್ನು ಬೇರೆ ಫೈಲಿನಲ್ಲಿಟ್ಟು, ಅದನ್ನು ಓದಿ ತೋರಿಸುವ ಕೆಲಸವನ್ನು ಪುಟಕ್ಕೆ ಒಪ್ಪಿಸಿದೆ. ಹೆಂಗಸಿನ ಹೆಸರು ಒತ್ತಿದರೆ ಕೆಳಗೆ ಅವಳ ಮಕ್ಕಳು ತೆರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಅವರ ಬರಿ, ಅಂದರೆ ತಾಯಿಯಿಂದ ಬರುವ ಗೋತ್ರದಂಥದ್ದು, ಹೊರಗಿನ ಡಬ್ಬಿಯಿಂದ ತಾನಾಗಿ ಬರುತ್ತಿತ್ತು.

ಲ್ಯಾಪ್‌ಟಾಪ್ ಹೊತ್ತುಕೊಂಡು ಮಾವನ ಮನೆಗೆ ಹೋದೆ. ನನ್ನ ಅತ್ತೆ, ಮಾವನ ಹೆಂಡತಿ, ಮಗಳು ಚಿಕ್ಕವಳಿರುವಾಗಲೇ ತೀರಿಕೊಂಡವರು. ಆ ಮಗಳಿಗೆ ಜಡೆ ಹೆಣೆದು, ಬುತ್ತಿ ಕಟ್ಟಿ ಬೆಳೆಸಿದ್ದು ಮಾವನೇ. ಅವಳೀಗ ಪುತ್ತೂರಿನಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತಾಳೆ. ಮಾವ ಅಜ್ಜಿಯ ಹೆಸರು ಒತ್ತಿದರು, ನನ್ನ ಅಮ್ಮನ ಹೆಸರು ಒತ್ತಿದರು, ಖುಷಿಪಟ್ಟರು. ಆಮೇಲೆ ತಮ್ಮ ಹೆಸರು ಒತ್ತಿದರು. ಏನೂ ಆಗಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದರು.

“ನಂದು ತೆರೆಯುದಿಲ್ವಾ?”

“ನಿಮ್ಮದರೊಳಗೆ ಎಂತದ್ದೂ ಇಲ್ಲ ಮಾವ,” ಎಂದೆ. ಆ ಮಾತು ನನಗೇ ಚುಚ್ಚಿತು.

ಮಾವ ಕಾಫಿ ಲೋಟ ಎತ್ತಿಕೊಂಡು, ತಮಗೇನೂ ಅಲ್ಲವೆಂಬಂತೆ, ಬೇರೆ ಗಂಡಸರು ಬೇಜಾರು ಮಾಡಿಕೊಂಡಾರು, ಏನಾದರೂ ಮಾಡಲಿಕ್ಕಾಗುತ್ತದಾ ನೋಡು ಎಂದರು. ಮಗಳ ಹೆಸರೆತ್ತಲಿಲ್ಲ. ಬೇಡ ಎಂದವರೇ ಅವರು, ಈಗ ಯಾವ ಬಾಯಲ್ಲಿ ಕೇಳಿಯಾರು? ನನಗೆ ನಗುವೂ ಬಂತು, ಸಂಕಟವೂ ಆಯಿತು.

ಅಲ್ಲೇ ಕೂತು ಮಗಳನ್ನು ಅವರ ಡಬ್ಬಿಯೊಳಗೆ ಹಾಕಿದೆ. ಮಾವ ಒತ್ತಿದರು, ತೆರೆಯಿತು. ಅರಳಿದ ಮುಖ ಅಷ್ಟೇ ಬೇಗ ಗಂಟಿಕ್ಕಿತು. ಮಗಳ ಹೆಸರಿನ ಪಕ್ಕ ಪುಟ ನಮ್ಮ ಬರಿಯನ್ನೇ ಬರೆದಿತ್ತು.

“ಇವಳಿಗೆ ನಮ್ಮ ಬರಿ ಅಂದ್ರೆ ಇವಳ ಅಮ್ಮನಿಗೂ ನಮ್ಮದೇ ಆಯ್ತು. ಒಂದೇ ಬರಿಯವರು ಅಣ್ಣ ತಂಗಿ. ನಾನು ತಂಗಿಯನ್ನೇ ಮದುವೆ ಆದದ್ದಾ ಮಾರಾಯ್ತಿ?”

ಇಬ್ಬರೂ ನಕ್ಕೆವು. ಆದರೆ ಮಗಳನ್ನು ಒಳಗಿಟ್ಟರೆ ಅತ್ತೆ ಅಳಿಸಿಹೋಗುತ್ತಾರೆ, ಹೊರಗಿಟ್ಟರೆ ಮಾವ ಖಾಲಿ. ಸುಳ್ಯದ ಬಸ್ಸಿನಲ್ಲೂ ಅದೇ ಯೋಚನೆ. ಹೊಳೆದದ್ದು ಕೊನೆಗೆ ಸುಲಭದ್ದೇ. ಅತ್ತೆಯ ಕುಟುಂಬಕ್ಕೆ ಬೇರೆಯೇ ಡಬ್ಬಿ, ಅದರಲ್ಲಿ ಅತ್ತೆ, ಅತ್ತೆಯೊಳಗೆ ಮಗಳು. ಮಾವನ ಹೆಸರಿನ ಜೊತೆ ಮಗಳ ಗುರುತು ಮಾತ್ರ. ಒತ್ತಿದರೆ ಪುಟ ಆ ಗುರುತು ಹಿಡಿದು ಹೋಗಿ ಅವಳನ್ನು ತಂದು ತೋರಿಸುತ್ತದೆ. ಅವಳು ಇರುವುದು ಒಂದು ಕಡೆ, ಕಾಣುವುದು ಎರಡು ಕಡೆ. ಅತ್ತೆಯ ತಾಯಿ, ಅಜ್ಜಿಯ ಹೆಸರುಗಳನ್ನು ಫೋನಿನಲ್ಲಿ ಕೇಳಿದಾಗ ಮಾವ ತಡವರಿಸದೆ ಹೇಳಿದರು.

ಆದರೆ ಕುಟುಂಬದವರು ಒಪ್ಪದೆ ಅದನ್ನು ಪುಟಕ್ಕೆ ಹಾಕುವಂತಿರಲಿಲ್ಲ. ಮುಂದಿನ ಸಲ ಕಡಬದಲ್ಲಿ ಸೇರಿದಾಗ ಎಲ್ಲರಿಗೂ ತೋರಿಸಿದೆ. ಮೊದಲು ಬೇಡ ಎಂದವರು ಯಾರೆಂದು ಯಾರೂ ಮರೆತಿರಲಿಲ್ಲ; ಎಲ್ಲರ ಕಣ್ಣು ಮಾವನ ಮೇಲೆ. ಹೇಳಿದ ಮಾತನ್ನು ಹಿಂದೆ ತೆಗೆದುಕೊಂಡವರಲ್ಲ ಅವರು. ಮಾವ ಎದ್ದು ನಿಂತರು.

“ಕಟ್ಟು ಕಟ್ಟೇ. ಮಗಳು ಅವಳ ಅಮ್ಮನ ಕುಟುಂಬದವಳು, ಅದರಲ್ಲಿ ಬದಲಾವಣೆ ಇಲ್ಲ. ಆದ್ರೆ ನನ್ನ ಹೆಸರು ಒತ್ತಿದವರಿಗೆ ಅವಳು ಕಾಣ್ಬೇಕು. ಸಾಕಿದ್ದು ನಾನು.”

ಇಷ್ಟು ಹೇಳಿ ಕೂತುಬಿಟ್ಟರು. ಆಮೇಲೆ ಮಾವನ ತಮ್ಮ, ವರ್ಷಕ್ಕೊಮ್ಮೆ ಬಂದು ಉಂಡು ಸುಮ್ಮನೆ ಹೋಗುವವರು, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ತಗ್ಗಿದ ದನಿಯಲ್ಲಿ ತಮ್ಮ ಇಬ್ಬರು ಮಕ್ಕಳ ಹೆಸರು ಹೇಳಿದರು. ನಾನು ತಲೆ ಎತ್ತಿ ನೋಡಿದರೆ ಅವರ ಹಿಂದೆ ಕುಟುಂಬದ ಉಳಿದ ಗಂಡಸರೂ ಬಂದು ನಿಂತಿದ್ದರು.