ಡೋಣ್ಯಾಗ ಹಡದಾಕಿ

ಕುಲಗೋಡದ ಕಸ್ತೂರಿ ಮಾತಿನಾಕಿ ಅಲ್ಲ. ಕುರಿ ಕಾಯಾಕಿ, ರೊಟ್ಟಿ ಬಡಿಯಾಕಿ, ಅತ್ತಿ ಬೈದ್ರ ತಲಿ ಬಗ್ಗಿಸಿ ನಿಲ್ಲಾಕಿ. ಆದ್ರ ೧೯೯೮ರಾಗ ಒಮ್ಮೆ ಹಟಾ ಹಿಡಿದ್ಳು ನೋಡ್ರಿ, ಅದನ್ನ ಹೇಳ್ದಿದ್ರ ನನ್ನ ಹೊಟ್ಟಿ ತಣ್ಣಗಾಗಂಗಿಲ್ಲ. ನಾ ಫಕೀರವ್ವ, ಈ ಊರ ಸೂಲಗಿತ್ತಿ.

ಅದರ ಹಿಂದಿನ ವರ್ಷ ಕಸ್ತೂರಿ ಹಡದ ಕೂಸು ಉಸಿರಾಡ್ಲೇ ಇಲ್ಲ. ಅವತ್ತ ಆಕಿ ಮಗಳು ತಾಯವ್ವ, ಇನ್ನೂ ಸಣ್ಣದು, ಕದದ ಸಂದ್ಯಾಗಿಂದ ಇಣಿಕಿ ನೋಡಿತ್ತು. ಅತ್ತಿ ಗುಡ್ಡವ್ವ ಓಣಿಗೆಲ್ಲಾ ಕೇಳೂಹಂಗ ಅಂದ್ಳು: "ಈ ದರಿದ್ರ ಹುಡುಗಿ ಕಣ್ಣ ಬಿದ್ದಽ ಕೂಸು ಹೋತು!"

ಥೂ! ನಾಲಿಗಿಗೆ ಎಲುಬಿಲ್ಲ ಅಂತ ಏನ ಬೇಕಾದ್ದು ಅನ್ನೂದೇನ್ರಿ? ಕುರಿ ಈಯುವಾಗ ಮರಿ ಮೂಗ ಒರಸಾಕ ಇದಽ ತಾಯವ್ವ ಬೇಕು. ಅವಾಗ ಕಣ್ಣ ಬೀಳಂಗಿಲ್ಲೇನು? ಆದ್ರ ಹುಡುಗಿ ಆ ಮಾತ ಖರೇ ಅಂತ ನಂಬಿತು. ಅವತ್ತಿನಿಂದ ಈದ ಕುರಿ ಕಡೆನೂ ಹೊಳ್ಳಿ ನೋಡ್ಲಿಲ್ಲ.

ಅದಕ್ಕಽ ಈ ಸಲ ಹೆರಿಗಿ ಬ್ಯಾನಿ ಸುರು ಆದ ಕೂಡ್ಲೆ ಕಸ್ತೂರಿ ನನಗ ಅಂದ್ಳು: "ಎಕ್ಕಾ, ನನ್ನ ಮಕ್ಕಳಿಬ್ರೂ ನನ್ನ ಬಾಜೂಕಽ ಇರಬೇಕು."

ಆಕಿ ನಡಾ ಸೀಳಾಕತ್ತಿತ್ತು. ಹಿತ್ತಲದಾಗ ದನಕ್ಕ ನೀರ ಕುಡಸಾಕಂತ ಕಟ್ಟಿಸಿದ ಹೊಸಾ ಸಿಮೆಂಟಿನ ಡೋಣಿ ಇತ್ತು, ದನಾ ಇನ್ನೂ ಬಾಯಿ ಇಟ್ಟಿದ್ದಿಲ್ಲ. ತಿಕ್ಕಿ ತೊಳದು, ಸುತ್ತಲೂ ಕಂಬಳಿ ಕಟ್ಟಿ, ಬೆಚ್ಚನ್ನ ನೀರ ತುಂಬಿ ಅದ್ರಾಗ ಕುಂದ್ರಿಸಿದ್ನಿ. ನೋವು ಹಗುರಾತು. ಮುಂದ ಏಳು ಅಂದ್ರ ಏಳವಲ್ಲಳು. "ಇಲ್ಲೇ ಹಡಿತೇನಿ" ಅಂದ್ಳು.

ಹೊರಗ ಗುಡ್ಡವ್ವ ಬಾಯಿ ಬಡ್ಕೊಳ್ಳಾಕತ್ತಿದ್ಳು: "ಹುಡುಗೂರ್ನ ಹೊರಗ ಹಾಕ್ರಿ! ಈ ಕೂಸನ್ನೂ ತಿಂತಾಳ ಆ ತಾಯವ್ವ!"

ನನ್ನ ಮೈ ಉರೀತು. "ಬಾಯಿ ಮುಚ್ಚಬೇ ಮುದುಕಿ!" ಅಂದ್ನಿ.

ಸಣ್ಣ ಮಗ ಶಿವಾನಂದ ಅವ್ವನ ಹೆಗಲ ಹಿಡಕೊಂಡು ಕುಂತಿದ್ದ. ತಾಯವ್ವ ಬೆನ್ನಿಗೆ ತಂಬಿಗಿಲೆ ನೀರ ಹಾಕತಿತ್ತು, ಕಣ್ಣ ಗಟ್ಟ್ಯಾಗಿ ಮುಚ್ಚಿಕೊಂಡು. ಅರ್ಧಾ ನೀರ ನೆಲಕ್ಕ.

ಕೂಸು ನೀರಾಗಽ ಬಂತು. ಎತ್ತಿ ಕಸ್ತೂರಿ ಎದಿಗೆ ಕೊಟ್ನಿ. ಚೀರಿತು.

"ತಾಯವ್ವಾ, ಕಣ್ಣ ತಗಿ. ನಿನ್ನ ತಂಗಿ" ಅಂದ್ಳು ಕಸ್ತೂರಿ.

"ಒಲ್ಲೆ ಅವ್ವಾ, ಸಾಯ್ತೈತಿ."

"ನೀ ನೋಡಿದ್ರ ಯಾರೂ ಸಾಯಂಗಿಲ್ಲ. ನೋಡು" ಅಂತ ಕಸ್ತೂರಿ ಹಸಿ ಕೈಲೆ ಮಗಳ ಮಾರಿ ಸವರಿದ್ಳು. ಹುಡುಗಿ ಒಂದ ಕಣ್ಣ ತಗೀತು. ಆಮ್ಯಾಲ ಇನ್ನೊಂದು. ಕೂಸು ಚೀರೂದು ಬಿಡಲಿಲ್ಲ.

ಅದನ್ನ ಕೇಳಿ ಗುಡ್ಡವ್ವ ಮೊಮ್ಮಗಳ್ನ ನೋಡಾಕ ಕಂಬಳಿ ಸರಿಸಿದ್ಳು. ತಾಯವ್ವ ಎರಡೂ ಕೈ ಚಾಚಿ ಡೋಣಿಗೆ ಅಡ್ಡ ನಿಂತಿತು.

"ಆಯಿ, ನೀ ಕಣ್ಣ ಮುಚ್ಚಿಕೊಂಡು ಬಾ."