ಅತ್ತೆ ನೋಡಿದ ಪಾಕ

ಕೂದಲು ತೆಗೆಯಲೆಂದು ಮೊದಲ ಗಿರಾಕಿಯ ಕೈಗೆ ಹಚ್ಚಿದ ಸಕ್ಕರೆ-ನಿಂಬೆರಸದ ಪಾಕ ಜೇನುತುಪ್ಪದಂತೆ ಇಳಿಯತೊಡಗಿತು. ಬಟ್ಟೆ ಒತ್ತಿ ಎಳೆದರೆ ಒಂದು ಕೂದಲೂ ಕಿತ್ತು ಬರಲಿಲ್ಲ. ಅರವತ್ತರ ದಶಕದಲ್ಲಿ, ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಯೂಟಿ ಪಾರ್ಲರ್ ತೆರೆದ ದಿನವದು. "ಮರ್ಯಾದಸ್ಥರ ಮನೇಲಿ ಇದೆಂಥ ಕಸುಬು!" ಎಂದು ವಾರದಿಂದ ಮಾತು ಬಿಟ್ಟಿದ್ದ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನಗೆ ಅಳುವೇ ಬಂತು.

ಅವರು ಒಳಗೆ ಬಂದು ಪಾಕವನ್ನು ಎರಡು ಬೆರಳಲ್ಲಿ ಎಳೆದು ನೋಡಿದರು. "ಎಳೆಪಾಕಕ್ಕೇ ಇಳಿಸ್ಬುಟ್ಟಿದ್ದೀಯಲ್ಲೇ! ಉಂಡೆಪಾಕ ಬರ್ಬೇಕು ಕಣೆ," ಎನ್ನುತ್ತಾ ಪಾತ್ರೆಯನ್ನು ಮತ್ತೆ ಒಲೆಗಿಟ್ಟರು. ಆರಿಸಿ ಹಚ್ಚಿದಾಗ, ಈ ಸಲ ಕೂದಲೆಲ್ಲ ಬಟ್ಟೆಗೆ ಅಂಟಿಕೊಂಡು ಬಂತು.

ಅತ್ತೆ ಆಮೇಲೂ ನನ್ನ ಕಸುಬನ್ನು ಹೊಗಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನಿಂಬೆಹಣ್ಣು ಹಿಂಡಿಟ್ಟಿದ್ದರು.