ಹದಿನಾಲ್ಕು ಕೆಜಿಯ ಆಂಪ್ಲಿಫೈಯರು

ಭಾರ ಹೆಚ್ಚಿದ್ದಷ್ಟೂ ಆಂಪ್ಲಿಫೈಯರು ಚೆನ್ನಾಗಿ ಹಾಡುತ್ತದೆ ಎಂದು ಆ ಗುಮಾಸ್ತ ನಂಬಿದ್ದ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ತೂಕ ಬರೆಯುವವನ ಬುದ್ಧಿ ಇನ್ನೆಲ್ಲಿಗೆ ಹೋದೀತು! ಅಂಗಡಿಯಲ್ಲಿ ಒಂದು ಹಾಡನ್ನೂ ಕೇಳದೆ, ಒಂದೊಂದನ್ನೇ ಎತ್ತಿ ಇಳಿಸಿ, ಕೊನೆಗೆ ಸೊಂಟ ಹಿಡಿಸಿದ್ದನ್ನೇ ಆರಿಸಿಕೊಂಡ. ಹದಿನಾಲ್ಕು ಕೆಜಿ. ರಟ್ಟಿನ ಪೆಟ್ಟಿಗೆಯ ಮೇಲೆ ಸಾವಿರ ವ್ಯಾಟ್ ಎಂಬ ಬರಹ. ಆರು ತಿಂಗಳ ಭಾನುವಾರಗಳಲ್ಲಿ ಹೆಚ್ಚುವರಿ ದುಡಿದ ದುಡ್ಡೆಲ್ಲ ಅದಕ್ಕೇ ಹೋಗಿತ್ತು. ಮೂರನೇ ದಿನಕ್ಕೆ ಅದು ನೆಗಡಿಯಾದ ಕಪ್ಪೆಯಂತೆ ವಟಗುಟ್ಟತೊಡಗಿತು.

ಹೊತ್ತುಕೊಂಡು ರಿಪೇರಿ ಅಕ್ಕನ ಬಳಿಗೆ ಹೋದ. ಮೆಟ್ಟಿಲ ಕೆಳಗಿನ ಕಿರುಕೋಣೆ, ಬೆಸುಗೆಯ ಹೊಗೆ, ಗೋಡೆಯ ಮೇಲೆ ಅವಳದೇ ಕೈಬರಹ: 'ಒಳಗೆ ಏನಿದೆಯೋ ಅದನ್ನೇ ಹೇಳುತ್ತೇನೆ.' ಬೀದಿಯವರು ಅವಳ ನಾಲಿಗೆಗೆ ಹೆದರುತ್ತಿದ್ದರು. ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದರು. ಆ ನಂಬಿಕೆಯೇ ಅವಳ ಅನ್ನ.

"ಎತ್ತಿ ನೋಡಿ ತಗೊಂಡ್ಯಾ?"

"ಹೂಂ ಅಕ್ಕ."

"ಕತ್ತೇನೂ ಹೊರೋ ಮುಂಚೆ ಒಂದ್ಸಲ ಮೂಸಿ ನೋಡುತ್ತೆ ಕಣೋ."

ಸ್ಕ್ರೂಡ್ರೈವರಿನ ಹಿಡಿಯಿಂದ ತಳದ ಎಡಮೂಲೆಯನ್ನು ಕುಟ್ಟಿ, "ಇಲ್ಲಿ ಕಬ್ಬಿಣದ ತುಂಡು ಅಂಟಿಸಿದ್ದಾರೆ" ಎಂದಳು. ಬಿಚ್ಚಿದರೆ, ಇತ್ತು! ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಟ್ರಾನ್ಸ್‌ಫಾರ್ಮರು.

"ಇಪ್ಪತ್ತು ವ್ಯಾಟ್ ಕೊಡೋದ್ರಲ್ಲೇ ಇದಕ್ಕೆ ಏದುಸಿರು. ಮಿಕ್ಕಿದ್ದೆಲ್ಲ ರಟ್ಟಿನ ಮೇಲಿನ ಬಣ್ಣ. ಅಲ್ಲಿ ನೋಡು, ಕಪಾಟಿನ ಮೇಲಿರೋ ಸಪ್ಪೆ ಮೋರೆದು. ನಲವತ್ತು ಅಂತ ಬರೆದಿದೆ, ನಲವತ್ತೇ ಕೊಡುತ್ತೆ. ಬೆಲೇನೂ ಅರ್ಧ. ಮಿಣಮಿಣ ದೀಪ ಇಲ್ಲ ಅಂತ ನಿನ್ನಂಥ ಜಾಣರು ಮುಟ್ಟಲ್ಲ. ಏಳು, ದುಡ್ಡು ವಾಪಸ್ ಕೇಳೋಣ."

ಅಂಗಡಿಯವನು ಅವಳ ಒಡಹುಟ್ಟಿದ ಅಣ್ಣ. ನಾಲ್ಕು ವರ್ಷದಿಂದ ಇಬ್ಬರೂ ಹಾವು ಮುಂಗುಸಿ.

"ಬಂದಳಪ್ಪ ಧರ್ಮದೇವತೆ!" ಎಂದು ಅವನು ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದ.

"ಕಬ್ಬಿಣ ಯಾಕೆ ಇಟ್ಟೆ?"

"ಅದುರಬಾರದು ಅಂತ."

"ನಿನ್ನ ನಾಲಿಗೆ ಕೆಳಗೂ ಒಂದು ಇಟ್ಕೋ. ಇವನ ದುಡ್ಡು ಕೊಡು."

"ಬಿಚ್ಚಿದ ಮಾಲು ವಾಪಸ್ ತಗೊಳ್ಳಲ್ಲ. ಕಬ್ಬಿಣ ನೀನೇ ಹಾಕಿ ತಂದಿರ್ತೀಯ" ಎಂದು ಅವನು ಮಾತು ಹೊರಳಿಸಿದ.

ಇಲ್ಲಿ ಗುಮಾಸ್ತನಿಗೆ ವಕೀಲನಾಗುವ ಹುಕಿ ಬಂತು. "ಸುಳ್ಳು ಸಾರ್! ಬಿಚ್ಚೋಕೆ ಮುಂಚೇನೇ ಅಕ್ಕ ಎಡಮೂಲೆ ಅಂತ ಹೇಳಿದ್ರು!"

ಅಣ್ಣ ಮೊದಲ ಬಾರಿಗೆ ನಕ್ಕ. ಗಿರಾಕಿಗಳ ಕಡೆ ತಿರುಗಿದ. "ಕೇಳಿದ್ರಾ? ಬಿಚ್ಚದೇನೇ ಗೊತ್ತಾಯ್ತಂತೆ! ಹೇಗೆ ಗೊತ್ತಾಯ್ತು ತಂಗಿ? ನಿನ್ನನ್ನ ನಂಬೋ ಬೀದಿಯವರೆಲ್ಲ ಇಲ್ಲೇ ಇದ್ದಾರೆ. ಹೇಳು."

ಗುಮಾಸ್ತನಿಗೆ ತನ್ನ ನಾಲಿಗೆಯನ್ನೇ ಕಚ್ಚಿ ಉಗುಳೋಣವೆನ್ನಿಸಿತು. ಗೋಡೆಯ ಮೇಲಿನ ಆ ಸಾಲನ್ನು ಇವಳು ಇನ್ನು ಯಾವ ಮುಖ ಇಟ್ಟುಕೊಂಡು ಓದಬೇಕು!

ಅಕ್ಕ ಕಬ್ಬಿಣವನ್ನು ಗಾಜಿನ ಮೇಜಿನ ಮೇಲೆ ಧೊಪ್ಪನೆ ಇಟ್ಟಳು.

"ಆರು ವರ್ಷ ಈ ಅಂಗಡೀಲಿ ಅಂಟಿಸ್ತಾ ಇದ್ದವಳು ನಾನೇ. ಎಡಮೂಲೆ ಆರಿಸಿದ್ದೂ ನಾನೇ. ಈಗ ಇವನ ದುಡ್ಡು ಕೊಡು."